ಎಂಟನೆಯ ವಾರ

ವಾರಗಳ ವಿಷಯದಲ್ಲಿ ಜಯತೀರ್ಥನ ಅನುಭವ ಸಾಮಾನ್ಯದ್ದಲ್ಲ. ಪಂಚಾಂಗದವರು ವಾರಗಳನ್ನು ಗ್ರಹಗಳಿಂದ ಗುರುತಿಸುತ್ತಾರೆ. ಇವನು ಹೊಟ್ಟೆಯಿಂದ ಗುರುತಿಸಿದವನು. ಧಾರವಾಡದಲ್ಲಿ ಕಾಲೇಜು ಕಲಿಯುವಾಗ ವಾರಾನ್ನದ ಮೇಲಿದ್ದ. ದಿನಕ್ಕೊಂದು ಮನೆ, ಮನೆಗೊಂದು ರುಚಿ. ಸೋಮವಾರ ವಕೀಲರ ಮನೆಯ ತೊವ್ವೆ, ಮಂಗಳವಾರ ಜೋಶಿಯವರ ಮನೆಯ ಹುಳಿ, ಬುಧವಾರ ಒಬ್ಬ ಮುದುಕಿಯ ಮನೆಯಲ್ಲಿ ಅನ್ನಕ್ಕಿಂತ ಉಪದೇಶ ಜಾಸ್ತಿ. ಗುರುವಾರಕ್ಕೆ ಮಾತ್ರ ಮನೆ ಸಿಕ್ಕಿರಲಿಲ್ಲ. ಯಾರಾದರೂ ಕೇಳಿದರೆ "ಗುರುವಾರ ರಾಯರ ಉಪವಾಸರೀ" ಎನ್ನುತ್ತಿದ್ದ. ಎರಡು ವರ್ಷ ಹೀಗೆ ನಡೆದು ಅವನಿಗೆ ದೊಡ್ಡ ಭಕ್ತನೆಂಬ ಹೆಸರು ಬಂತು. ಆ ಹೆಸರಿಗೆ ಹೆದರಿ ಸೋಮವಾರದವರು ಸಂಕಷ್ಟಿಗೂ ಎಲೆ ಹಾಕುವುದನ್ನು ಬಿಟ್ಟರು.

ಅಂಥವನು ಇಂಟರ್ ಪರೀಕ್ಷೆಯ ಗಣಿತದಲ್ಲಿ ಎರಡು ಸಲ ಮುಗ್ಗರಿಸಿ, ೧೯೩೭ರ ಜೂನಿನಲ್ಲಿ ಶಿಗ್ಗಾಂವಿಯ ಹತ್ತಿರದ ದುಂಡಸಿಯ ಶಾಲೆಗೆ ಮಾಸ್ತರನಾಗಿ ಬಂದ. ಬಂದದ್ದು ಉಮೇದವಾರನಾಗಿ. ಉಮೇದವಾರನೆಂದರೆ ಸರಕಾರದ ಭಾಷೆಯಲ್ಲಿ ಇನ್ನೂ ಕಾಯಂ ಆಗದವನು. ದೀಪೋಟಿ ಸಾಹೇಬರು, ಅಂದರೆ ಶಾಲೆಗಳ ಡೆಪ್ಯುಟಿ ಇನ್ಸ್‌ಪೆಕ್ಟರರು, ಒಂದು ದಿನ ಬಂದು, ಮಕ್ಕಳನ್ನು ಪ್ರಶ್ನೆ ಕೇಳಿ, ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆಯುವ ತನಕ ಅವನು ಮಾಸ್ತರ ಹೌದು, ಮಾಸ್ತರ ಅಲ್ಲ.

ಮೊದಲ ದಿನ ಹೆಡ್ ಮಾಸ್ತರ ಶಂಕ್ರಪ್ಪನವರು ಅವನನ್ನು ಐದು ಮತ್ತು ಆರನೆಯ ಇಯತ್ತೆಗಳ ಎದುರು ನಿಲ್ಲಿಸಿದರು. ಎರಡೂ ಇಯತ್ತೆಗೆ ಒಂದೇ ಕೋಣೆ, ಒಂದೇ ಹಲಗೆ, ಇನ್ನು ಮೇಲೆ ಒಬ್ಬನೇ ಮಾಸ್ತರ.

"ಇವ್ರು ಜಯತೀರ್ಥ ಮಾಸ್ತರು. ಇವತ್ತಿಂದ ನಿಮಗ ಇವರ ಕಲಸ್ತಾರ. ಸದ್ಯಕ್ಕ ಉಮೇದವಾರ," ಎಂದು ಹೇಳಿ, ರುಮಾಲು ಸರಿಮಾಡಿಕೊಂಡು ತಮ್ಮ ಏಳನೆಯ ಇಯತ್ತೆಗೆ ಹೋದರು.

ಆ ದಿನ ಜಯತೀರ್ಥ ತನ್ನ ಧೋತರದ ಅಂಚಿನಿಂದ ಶಾಲೆಯ ಅಂಗಳವನ್ನು ಅಳೆಯಿಸಿದ. ಹುಬ್ಬಳ್ಳಿಯ ಸ್ಟೇಶನ್ನಿನಿಂದ ರೈಲು ಹೊರಡುವ ಸದ್ದನ್ನು, ಗಾರ್ಡಿನ ಸೀಟಿಯಿಂದ ಹಿಡಿದು ಚಹಾ ಮಾರುವವನ ಕೂಗಿನವರೆಗೆ, ಒಂದೇ ಬಾಯಲ್ಲಿ ಮಾಡಿ ತೋರಿಸಿದ. ರೈಲನ್ನೇ ಕಾಣದ ಮಕ್ಕಳು ರೈಲು ಹತ್ತಿ ಕುಳಿತವರ ಹಾಗೆ ಅಲ್ಲಾಡಿದರು. ಸಂಜೆ ಗಂಟೆ ಬಾರಿಸಿದಾಗ ಯಾರೂ ಇಳಿಯಲೊಲ್ಲರು.

ಅದು ಜೂನ್. ಈಗ ಜನವರಿ. ಏಳು ತಿಂಗಳಲ್ಲಿ ಏನಾಯಿತೆಂದು ಕೇಳಿದರೆ ಏನೂ ಆಗಲಿಲ್ಲ, ಅದೇ ತೊಂದರೆ. ಸೋಮವಾರ ಕಲಿಸಿದ್ದು ಬುಧವಾರದ ಸಂತೆಗೆ ಹೋಗಿ ಅಲ್ಲೇ ಉಳಿಯುತ್ತಿತ್ತು. ಗುರುವಾರ ಮತ್ತೆ ಸೋಮವಾರದಿಂದ ಸುರು. ಶುಕ್ರವಾರ ಅರ್ಧ ಮಕ್ಕಳು, ಶನಿವಾರ ಮುಂಜಾನೆಯ ಶಾಲೆಯಲ್ಲಿ ಸೆಗಣಿ ಸಾರಿಸುವುದೇ ಪಾಠ. ಸಂಚಿಯೊಳಗಿನ ಕಾಳು ತೂತಿನಿಂದ ಸೋರುವ ಹಾಗೆ ಅವನ ಹುರುಪು ದಿನಕ್ಕಿಷ್ಟು ಸೋರಿ ಹೋಗಿತ್ತು. ಎಲ್ಲಿ ಸೋರಿತೆಂದು ಹಿಂತಿರುಗಿ ನೋಡುವುದಕ್ಕೂ ಅವನಿಗೆ ಬೇಸರ.

ಆ ವಾರದ ಸೋಮವಾರ ಶಂಕ್ರಪ್ಪನವರು ಅವನನ್ನು ಕರೆದರು. ದುಂಡಸಿಯ ಅಂಚೆ ಕಚೇರಿಯೆಂದರೆ ಹೆಡ್ ಮಾಸ್ತರರ ಮೇಜಿನ ಎಡಗಡೆಯ ಖಾನೆ. ಅಂಚೆಯ ಪೆಟ್ಟಿಗೆ ಅದೇ ಕೋಣೆಯ ಗೋಡೆಗೆ. ಟಪಾಲು ಸೋಮವಾರ ಬರುವುದು, ಶನಿವಾರ ಹೋಗುವುದು. ಅದಕ್ಕೆ ಸಿಕ್ಕಾ, ಅಂದರೆ ಅಂಚೆಯ ಮುದ್ರೆ, ಬಡಿಯುವವರೂ ಅವರೇ.

"ಬರ್ರಿ, ಕುಂಡ್ರಿ. ನಿಮಗೊಂದು ಕಾರ್ಡ್ ಐತಿ. ಹುಬ್ಬಳ್ಳಿಂದ ನಿಮ್ಮ ಸೋದರಮಾವ ಬರದಾರು."

"ಓದಿದ್ರೇನ್ರಿ?"

"ಛೇ, ಮಂದಿ ಕಾರ್ಡು ಓದ್ತಾರೇನ್ರಿ. ಸಿಕ್ಕಾ ಬಡ್ಯಾಕ ತಿರುವಿ ಹಾಕಿದೆ, ಕಣ್ಣಿಗೆ ಬಿತ್ತು. ಹತ್ತಿ ಜಿನ್ನಿನ ಆಫೀಸಿನ್ಯಾಗ ಕಾರಕೂನನ ಜಾಗಾ ಖಾಲಿ ಐತಂತ. ಕುರ್ಚಿ ಐತಂತ, ಮ್ಯಾಲೆ ಪಂಖಾ ಐತಂತ. ಶನಿವಾರದ ಟಪಾಲಿಗೆ ಬರ್ತೀಯೋ ಇಲ್ಲೋ ತಿಳಸು ಅಂದಾರು."

"ಇಷ್ಟೆಲ್ಲಾ ಕಣ್ಣಿಗೆ ಬಿತ್ತೇನ್ರಿ?"

"ಅಕ್ಷರ ದುಂಡಗ ಅದಾವ್ರಿ ಅವರವು. ದುಂಡಸಿಯೊಳಗ ದುಂಡ ಅಕ್ಷರ ತಾವ ಉಳ್ಳಿಕೋತ ಬರ್ತಾವು," ಎಂದು ಶಂಕ್ರಪ್ಪನವರು ಇನ್ನೊಂದು ಲಕೋಟೆ ಮುಂದೆ ಸರಿಸಿದರು. ಈ ಸಲ ನಗಲಿಲ್ಲ. "ಇದನ್ನ ಓದೇನಿ, ಇದು ನನಗ ಬಂದದ್ದು. ದೀಪೋಟಿ ಸಾಹೇಬ್ರು ಶನಿವಾರ ಮುಂಜಾನೆ ಬರ್ತಾರು. ನಿಮ್ಮ ಕ್ಲಾಸು ನೋಡಾಕ. ನಿಮ್ಮನ್ನ ಕಾಯಂ ಮಾಡೂದೋ ಬ್ಯಾಡೋ ಅವತ್ತ ಬರೀತಾರು."

ಹೀಗೆ ಒಂದೇ ಶನಿವಾರದ ಮೇಲೆ ಎರಡು ಕಾಗದ ಕುಳಿತವು. ಒಂದು ಇರು ಎನ್ನುವುದೋ ಇಲ್ಲವೋ ಗೊತ್ತಿಲ್ಲ; ಇನ್ನೊಂದು ಬಾ ಎನ್ನುತ್ತಿತ್ತು.

ದೀಪೋಟಿ ಬರುತ್ತಾರೆಂದರೆ ಶಾಲೆಗೆ ದೀಪಾವಳಿಗಿಂತ ಹೆಚ್ಚು ಸುಣ್ಣ. ಮಂಗಳವಾರ ಗೋಡೆಗಳೇನೋ ಬೆಳ್ಳಗಾದವು. ಒಳಗೆ ಮೂವತ್ತೊಂದು ಮಕ್ಕಳಲ್ಲಿ ಹದಿನಾಲ್ಕು ಮಂದಿ ಕುಳಿತಿದ್ದರು. ಊರ ಸುತ್ತಲ ಹೊಲಗಳಲ್ಲಿ ಮೆಣಸಿನಕಾಯಿ ಕೆಂಪಾಗಿತ್ತು. ಬೆಳಗಿನ ಜಾವದಿಂದ ಗಿಡದಿಂದ ಕಾಯಿ ಬಿಡಿಸಿ, ಆ ಕೈಯಲ್ಲೇ ಮಕ್ಕಳು ಶಾಲೆಗೆ ಬರುತ್ತಿದ್ದರು. ಜಯತೀರ್ಥ ಅಪೂರ್ಣಾಂಕ, ಅಂದರೆ ಅರ್ಧ-ಕಾಲುಗಳ ಲೆಕ್ಕ, ಹೇಳಿಕೊಡುತ್ತಿದ್ದ. ಹಲಗೆಯ ಕಡೆಯಿಂದ ತಿರುಗಿ ನೋಡಿದರೆ ಹದಿನಾಲ್ಕೂ ಮಂದಿಯ ಕಣ್ಣಲ್ಲಿ ನೀರು.

"ಯಾಕ, ಕಠಿಣ ಆತೇನು?"

"ಇಲ್ರಿ ಮಾಸ್ತರ," ಎಂದಳು ಆರನೆಯ ಇಯತ್ತೆಯ ಫಕ್ಕೀರವ್ವ. "ಕಠಿಣ ಆಗಾಕ ತಿಳೀಬೇಕಲ್ರಿ. ಕಣ್ಣ ಉರ್ಯಾಕತ್ತಾವು."

ಬುಧವಾರ ಶಿಗ್ಗಾಂವಿಯ ಸಂತೆ. ಬಂದವರು ನಾಲ್ಕು ಮಂದಿ, ಅದರಲ್ಲಿ ಒಬ್ಬ ಮನೆಯಲ್ಲಿ ಬೈಸಿಕೊಂಡು ಅಡಗಿಕೊಳ್ಳಲು ಬಂದವನು. ಮಧ್ಯಾಹ್ನವೇ ಶಾಲೆ ಬಿಟ್ಟು ಜಯತೀರ್ಥ ತನ್ನ ಕೋಣೆಗೆ ಬಂದ. ತುಳಸಾಬಾಯಿ ಎಂಬ ಹಿರಿಯರ ಮನೆಯ ಪಡಸಾಲೆಗೆ ಹತ್ತಿದ ಕೋಣೆ ಅದು. ಇಲ್ಲಿ ವಾರಾನ್ನವಿಲ್ಲ, ಏಳೂ ದಿನ ಅವರದೇ ಊಟ. ಅವನು ಕಾರ್ಡು ತೆಗೆದು ಬರೆದ: 'ಮಾಮಾ, ಸಾಷ್ಟಾಂಗ ನಮಸ್ಕಾರಗಳು. ನಾನು ಬರುತ್ತೇನೆ.' ಇನ್ನೂ ಏನಾದರೂ ಬರೆಯಬೇಕೆನಿಸಿತು. ಏನೂ ಹೊಳೆಯಲಿಲ್ಲ. ಮುಕ್ಕಾಲು ಕಾರ್ಡು ಬರಿದೇ ಬಿಟ್ಟು ಕೆಳಗೆ ಸಹಿ ಹಾಕಿದ.

ಊಟಕ್ಕೆ ಕುಳಿತಾಗ ತುಳಸಾಬಾಯಿ ಎಲೆಯನ್ನು ನೋಡಿ, ಅವನ ಮುಖ ನೋಡಿದರು.

"ಯಾಕೋ ಜಯಣ್ಣಾ, ಸಾರು ಸೇರಲಿಲ್ಲೇನು?"

"ಸೇರ್ಯದ್ರೀ ಅತ್ತ್ಯಾರ. ನಾ ಹುಬ್ಬಳ್ಳಿಗೆ ಹೋಗ್ತೇನಿ."

ತುಳಸಾಬಾಯಿ ಸೌಟು ಹಿಡಿದಲ್ಲೇ ನಿಂತರು. "ಹೋಗ್ತೇನಿ ಅನಬಾರದಪ್ಪಾ," ಎಂದರು. "ಬರ್ತೇನಿ ಅನ್ನು. ಹೊಂಟವರು ಹಂಗ ಅನಬೇಕು."

"ಬರ್ತೇನಿ ಅಂತನs ಬರದೇನ್ರೀ," ಎಂದ ಜಯತೀರ್ಥ. ಬರೆದದ್ದು ಯಾರಿಗೆ, ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಇನ್ನೊಂದು ಸೌಟು ಸಾರು ಹಾಕಿದರು.

ಗುರುವಾರ ಅವನು ಎದ್ದದ್ದು ತಡವಾಗಿ. ಜಂತಿ ಎಣಿಸುತ್ತ ಮಲಗಿ, ಕಾರ್ಡನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಗಂಟೆ ಹೊಡೆದು ಬಹಳ ಹೊತ್ತಾದ ಮೇಲೆ ಶಾಲೆಯ ಬಾಗಿಲಿಗೆ ಬಂದ. ಒಳಗೆ ಗದ್ದಲವಿರಬೇಕಿತ್ತು, ಇರಲಿಲ್ಲ. ಬದಲಿಗೆ ಒಬ್ಬ ಮಾಸ್ತರ ಪಾಠ ಮಾಡುವುದು ಕೇಳಿಸಿತು. ಶಂಕ್ರಪ್ಪನವರದಲ್ಲ. ಧ್ವನಿ ಎಲ್ಲೋ ಕೇಳಿದ ಹಾಗಿತ್ತು. ಒಂದು ಹೆಜ್ಜೆ ಮುಂದಿಟ್ಟಾಗ ತಿಳಿಯಿತು, ಅದು ತನ್ನದೇ.

ಫಕ್ಕೀರವ್ವನಿಗೆ ಸ್ವಂತದ್ದೊಂದು ಧ್ವನಿ ಇತ್ತು, ಬಳಸುವುದು ಕಡಿಮೆ. ಶಿಗ್ಗಾಂವಿಯ ಮೋಟಾರಿನ ಹಾರ್ನು, ಗೌಡರ ಮನೆಯ ಕೋಣ, ತನ್ನ ಅಜ್ಜಿ ಹೊನ್ನವ್ವ ನಶ್ಯ ಏರಿಸುವುದು, ಎಲ್ಲ ಅವಳ ಗಂಟಲಲ್ಲಿ ಬಾಡಿಗೆಗಿದ್ದವು. ಈಗ ಜಯತೀರ್ಥನೂ ಬಂದು ಸೇರಿದ್ದ. ಕಿಟಕಿಯ ಸಂದಿಯಿಂದ ಅವನು ನೋಡಿದ. ಅವಳು ಕುರ್ಚಿಯ ಬಳಿ, ಪರಕಾರದ ನಿರಿಗೆಯನ್ನು ಧೋತರದ ಹಾಗೆ ಹಿಡಿದು ನಿಂತಿದ್ದಳು.

"ಇದು ಸ್ವಾಮಾರದ ಮಾಸ್ತರ," ಎಂದು ಹೇಳಿ ಅವಳು ಕೆಮ್ಮಿದಳು. ಅವನದೇ ಕೆಮ್ಮು. "ಹಾಂ, ಪುಸ್ತಕ ತಗೀರಿ. ಎಲ್ಲಿಗೆ ಬಂದಿತ್ತು? ಯಾರಿಗೆ ನೆನಪದ?"

ಮನೆಯಲ್ಲಿ 'ಐತಿ' ಎನ್ನುವ ಹುಡುಗಿ 'ಅದ' ಎಂದದ್ದಕ್ಕೇ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದರು.

"ಇದು ಮಂಗ್ಳಾರದ ಮಾಸ್ತರ. 'ಪುಸ್ತಕ ತಗೀರಿ. ಯಾರಿಗೆ ನೆನಪದ? ಯಾರಿಗೂ ಇಲ್ಲ. ಇರಲಿ, ನನಗೂ ಇಲ್ಲ.'"

"ಬುಧವಾರದ್ದು, ಬುಧವಾರದ್ದು," ಎಂದವು ಎರಡು ದನಿ.

ಫಕ್ಕೀರವ್ವ ನಿಧಾನವಾಗಿ ಕುರ್ಚಿಯಲ್ಲಿ ಕುಳಿತಳು. ಕಿಟಕಿಯ ಆಚೆ ಎಲ್ಲೋ ದೂರ ನೋಡಿದಳು. ಆಮೇಲೆ ಒಂದು ಉಸಿರು ಬಿಟ್ಟಳು. ಅಷ್ಟೇ. ಕೋಣೆಯೆಲ್ಲ ನಕ್ಕಿತು. ಜಯತೀರ್ಥನಿಗೆ ನಗು ಬರಲಿಲ್ಲ. ಆ ಉಸಿರು ಅವನ ಎದೆಯಿಂದಲೇ ಹೊರಟು ಅಲ್ಲಿ ಹೋಗಿ ಕುಳಿತಂತಿತ್ತು.

ಆಗ ಐದನೆಯ ಇಯತ್ತೆಯ ಮಂಜವ್ವ, ಕೋಣೆಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಕೇಳಿದಳು: "ಫಕ್ಕೀರಕ್ಕ, ಉಮೇದವಾರದ ಮಾಸ್ತರ್ನ ಮಾಡ."

"ಅದು ನನಗ ಬರಂಗಿಲ್ಲ."

"ಮದಲ ಮಾಡತಿದ್ದೆಲ್ಲ. ರೈಲು ಬಿಡೂದು."

"ಮರತೈತಿ. ಉಮೇದವಾರ ಬಂದು ಬಾಳ ದಿನಾ ಆತಲ್ಲ. ದಸರಾದಿಂದ ಈಚೆ ಬಂದs ಇಲ್ಲ," ಎಂದಳು ಫಕ್ಕೀರವ್ವ. ಈ ಮಾತನ್ನು ಅವಳು ಯಾರ ಧ್ವನಿಯಲ್ಲೂ ಹೇಳಲಿಲ್ಲ, ತನ್ನದರಲ್ಲೇ ಹೇಳಿದಳು.

ಜಯತೀರ್ಥ ಒಳಗೆ ಹೋದಾಗ ಮಕ್ಕಳೆಲ್ಲ ಪುಸ್ತಕದಲ್ಲಿ ಮುಖ ಹುಗಿದಿದ್ದರು. ಅವನೂ ಏನೂ ಕೇಳದವನಂತೆ ಬಳಪ ಹಿಡಿದ. 'ಎಲ್ಲಿಗೆ ಬಂದಿತ್ತು' ಎಂಬ ಮಾತು ನಾಲಿಗೆಯ ತುದಿಗೆ ಬಂದು, ನಾಚಿ ಹಿಂದೆ ಹೋಯಿತು.

ಸಂಜೆ ಶಂಕ್ರಪ್ಪನವರ ಮೇಜಿನ ಎದುರು ಕುಳಿತು ಇದನ್ನೆಲ್ಲ ಹೇಳಿದ. ಅವರು ಕೇಳುತ್ತ ಕೇಳುತ್ತ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಗು ತಡೆಯಲಾಗದಾಗ ಅವರು ಹಾಗೆ ಮಾಡುವುದು.

"ಅಲ್ರೀ, ನಾ ಹೇಳಿದ್ದು ಹುದ್ದೆ. ಅವು ತಿಳಕೊಂಡದ್ದು ದಿವಸ. ಸ್ವಾಮಾರ, ಮಂಗಳವಾರ ಇದ್ದಂಗ ಉಮೇದವಾರ. ನಮ್ಮ ಕಡೆ ಉಮೇದಿ ಅಂದ್ರ ಹುರುಪಲ್ರೀ. ನೀವು ಹುರುಪಿನ್ಯಾಗ ಇದ್ದ ದಿವಸ ಉಮೇದವಾರ ಅಂತ ಲೆಕ್ಕಾ ಇಟ್ಟಾವು."

"ದಸರಾದಿಂದ ಬಂದಿಲ್ಲಂತ್ರೀ."

ಶಂಕ್ರಪ್ಪನವರು ನಗುವುದನ್ನು ನಿಲ್ಲಿಸಿದರು. "ನನ್ನ ಕ್ಲಾಸಿನ್ಯಾಗ ಇಪ್ಪತ್ತ ವರ್ಷಾತು ಬಂದಿಲ್ಲ ನೋಡ್ರಿ. ಅದಕ್ಕ ಅದನ್ನ ಕಾಯೂ ಹುಡುಗೂರೂ ಇಲ್ಲ."

ಅವರು ಕೀಲಿ ಹುಡುಕಲು ಆಚೆ ತಿರುಗಿದಾಗ ಜಯತೀರ್ಥ ಎದ್ದು, ಕಿಸೆಯಿಂದ ಕಾರ್ಡು ತೆಗೆದು ಗೋಡೆಯ ಪೆಟ್ಟಿಗೆಯೊಳಗೆ ಹಾಕಿದ. ಹಾಕಿದ ಮೇಲೆ ಹಗುರಾಗಬೇಕಿತ್ತು. ಗುರುವಾರದ ಹಳೆಯ ಖಾಲಿ ಹೊಟ್ಟೆಯ ನೆನಪಾಯಿತು.

ಶುಕ್ರವಾರ, ಹೋಗುವುದಂತೂ ಹೋಗುತ್ತೇನೆ, ಮಕ್ಕಳಿಗೆ ಒಂದು ಉಮೇದವಾರ ಕೊಟ್ಟಾದರೂ ಹೋಗುತ್ತೇನೆ ಎಂದು ನಿಶ್ಚಯಿಸಿಕೊಂಡು ಬಂದ. ಮರುದಿನ ಸಾಹೇಬರು ಬರುವ ಸುದ್ದಿ ಗೊತ್ತಾಗಿ ಇಪ್ಪತ್ತು ಮಂದಿ ಸೇರಿದ್ದರು. ಬಂದವನೇ ಎರಡೂ ಕೈ ಉಜ್ಜಿ, ದೊಡ್ಡದಾಗಿ ನಕ್ಕು, ಗಾರ್ಡಿನ ಸೀಟಿ ಊದಿದ. ಇಂಜಿನ್ ಉಸಿರು ತೆಗೆದುಕೊಂಡಿತು. ಗಾಲಿ ಎರಡು ಸುತ್ತು ತಿರುಗಿದವು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ರೈಲು ಹೊರಡಲಿಲ್ಲ.

"ಮಾಸ್ತರ," ಎಂದಳು ಫಕ್ಕೀರವ್ವ ಮೆಲ್ಲಗೆ, "ನಾಳೆ ಸಾಹೇಬ್ರು ಬರ್ತಾರಂತ ತಾಲೀಮು ನಡ್ಸೀರೇನ್ರಿ?"

ಅವನು ಮುಖ ಎಲ್ಲಿಡಬೇಕೆಂದು ತಿಳಿಯದೆ ಎದುರಿಗಿದ್ದ ಮಂಜವ್ವನ ಪಾಟಿ ಎತ್ತಿಕೊಂಡ. ಅದರ ಮೇಲಿನ ತಪ್ಪು ಲೆಕ್ಕವನ್ನು ಅಂಗೈಯಿಂದ ಒರೆಸಿದ. ಅದೇ ಕೈಯಿಂದ ಕಣ್ಣು ಒರೆಸಿಕೊಂಡ. ಮರುಕ್ಷಣ ಕಣ್ಣೊಳಗೆ ಒಲೆ ಹೊತ್ತಿತು. ಇನ್ನೊಂದು ಕೈಯಿಂದ ಉಜ್ಜಿದ, ಆ ಕೈಯೂ ಪಾಟಿ ಹಿಡಿದದ್ದೇ. ಆರನೆಯ ಇಯತ್ತೆಯ ಎದುರು, ಐದನೆಯ ಇಯತ್ತೆಯ ಎದುರು, ಹುಬ್ಬಳ್ಳಿಯ ಕಾರಕೂನನಾಗಲಿದ್ದ ಜಯತೀರ್ಥ ಗಳಗಳನೆ ಅತ್ತ.

"ನೀರ ಹಚ್ಚಬ್ಯಾಡ್ರಿ, ಇನ್ನಷ್ಟ ಉರೀತೈತಿ," ಎನ್ನುತ್ತ ಫಕ್ಕೀರವ್ವ ಓಡಿ ಬಂದಳು. "ಮದಲ ಕೈ ಒರಸ್ಕೊಳ್ರಿ, ತಲಿಗೂದಲಕ್ಕ. ಎಣ್ಣಿ ಖಾರ ಜಗ್ತೈತಿ. ನಾವು ಹಂಗ ಮಾಡೂದು."

ಜಯತೀರ್ಥ ಟೊಪ್ಪಿಗೆ ತೆಗೆದ. ಮೊನ್ನೆಯಷ್ಟೇ ಕ್ಷೌರವಾಗಿತ್ತು. ತಲೆಯ ಮೇಲೆ ಒಂದು ಶೆಂಡಿಕೆ ಬಿಟ್ಟರೆ ಒರೆಸಿಕೊಳ್ಳಲು ಏನೂ ಇರಲಿಲ್ಲ. ಒಂದು ಗಳಿಗೆ ಎಲ್ಲರೂ ಆ ಶೆಂಡಿಕೆಯನ್ನೇ ಗಂಭೀರವಾಗಿ ನೋಡಿದರು.

"ನನ್ನ ಕೂದಲಕ್ಕ ಒರಸ್ರಿ ಮಾಸ್ತರ," ಎಂದು ಮಂಜವ್ವ ಅವನ ಮುಂದೆ ತಲೆ ಬಗ್ಗಿಸಿ ನಿಂತಳು. "ಅವ್ವ ಮುಂಜಾನೆ ಎಣ್ಣಿ ಹಚ್ಚ್ಯಾಳ."

ಅವನು ಎರಡೂ ಅಂಗೈಗಳನ್ನು ಅವಳ ತಲೆಯ ಮೇಲಿಟ್ಟ. ಹೊರಗಿನಿಂದ ಯಾರಾದರೂ ನೋಡಿದ್ದರೆ ಗುರು ಶಿಷ್ಯೆಗೆ ಆಶೀರ್ವಾದ ಮಾಡುತ್ತಿದ್ದಾನೆ ಎನ್ನುತ್ತಿದ್ದರು. ಕೊಡುತ್ತಿದ್ದವಳು ಅವಳು. ಖಾರ ಇಳಿಯುತ್ತ ಬಂತು.

"ದಿನಾ ಹಿಂಗ ಉರೀತದೇನು ನಿಮಗ?"

"ಕಾಯಿ ಮುಗಿಯೂತನಕ ಇದ್ದದ್ದರಿ."

"ಮತ್ತ ಇಂಥಾ ಕೈ ತಗೊಂಡು ಸಾಲಿಗೆ ಯಾಕ ಬರ್ತೀರಿ?"

ಮಂಜವ್ವ ತಲೆ ಎತ್ತದೆಯೇ ಹೇಳಿದಳು: "ಇವತ್ತರ ಉಮೇದವಾರ ಇರಬೌದು ಅಂತರಿ."

ಫಕ್ಕೀರವ್ವ ಮಂಜವ್ವನ ರಟ್ಟೆ ಚಿವುಟಿದಳು. ಜಯತೀರ್ಥ ಕಣ್ಣಿನ ನೀರು ಒರೆಸಲಿಲ್ಲ. ಒರೆಸುವುದು ಅಪಾಯವೆಂದು ಈಗ ಗೊತ್ತಿತ್ತು.

"ಫಕ್ಕೀರವ್ವಾ," ಎಂದ, "ಬುಧವಾರದ ಮಾಸ್ತರನ್ನ ಮಾಡು."

ಅವಳ ಮುಖ ಸುಣ್ಣ ಬಳಿದ ಗೋಡೆಯಾಯಿತು. "ನಾ ಏನೂ ಮಾಡಿಲ್ರಿ ಮಾಸ್ತರ."

"ನಿನ್ನೆ ಕಿಟಕ್ಯಾಗಿಂದ ನೋಡೇನಿ. ಚೊಲೋ ಮಾಡ್ತಿ. ಮಾಡು."

ಅವಳು ಹೆದರುತ್ತ ಕುರ್ಚಿಯಲ್ಲಿ ಕುಳಿತಳು, ದೂರ ನೋಡಿದಳು, ಉಸಿರು ಬಿಟ್ಟಳು.

"ಉಸರು ಸಣ್ಣದಾತು," ಎಂದ ಜಯತೀರ್ಥ. "ನನ್ನದು ಇನ್ನೂ ಉದ್ದ ಅದ. ಶಿಗ್ಗಾಂವಿಯಿಂದ ಸುರು ಆಗಿ ಸವಣೂರದಾಗ ಮುಗೀತದ. ಏಳು, ನಾ ತೋರಸ್ತೇನಿ." ಅವಳನ್ನು ಎಬ್ಬಿಸಿ ತಾನು ಕುಳಿತು, ತನ್ನನ್ನೇ ಅಣಕಿಸಿಕೊಂಡು ಒಂದು ಉಸಿರು ಬಿಟ್ಟ. ಅದು ಮುಗಿಯಲೇ ಇಲ್ಲ. ಅರ್ಧದಲ್ಲಿ ಉಸಿರಿಗೆ ಗಾಲಿ ಹತ್ತಿದವು, ಗಾಲಿಗೆ ವೇಗ ಬಂತು, ಅದು ಗುಡಗುಡಿಸಿ ಹೊರಟಾಗ ಕೋಣೆಗೆಲ್ಲ ತಿಳಿಯಿತು, ಇದು ಹುಬ್ಬಳ್ಳಿಯ ರೈಲು. ಈ ಸಲ ಅದು ನಿಜವಾಗಿ ಹೊರಟಿತ್ತು. ಇಪ್ಪತ್ತು ಮಂದಿಯೂ ಹತ್ತಿ ಕುಳಿತರು.

ಆ ಮಧ್ಯಾಹ್ನ ಅಪೂರ್ಣಾಂಕದ ಪಾಠ ಹಲಗೆ ಬಿಟ್ಟು ಬುಟ್ಟಿಗೆ ಇಳಿಯಿತು. ಒಂದು ಬುಟ್ಟಿ ಕಾಯಿ, ಅದರಲ್ಲಿ ಅರ್ಧ ಕೆಂಪು, ಕಾಲು ಹಸಿರು, ಉಳಿದದ್ದು ಕೊಳೆತದ್ದು, ಕೊಳೆತದ್ದು ಎಷ್ಟು? ಮಂಜವ್ವ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ "ಕಾಲು" ಎಂದಳು. ಇಂಟರ್‌ನಲ್ಲಿ ಎರಡು ಸಲ ಮುಗ್ಗರಿಸಿದವನಿಗೆ ಲೆಕ್ಕ ಇಷ್ಟು ಸಲೀಸಾಗಿ ಎದ್ದು ನಿಲ್ಲುತ್ತದೆಂದು ಗೊತ್ತಿರಲಿಲ್ಲ.

ಶನಿವಾರ ಮುಂಜಾನೆ ದೀಪೋಟಿ ಸಾಹೇಬರು ಬಂದರು. ತೆಳ್ಳಗೆ, ಎತ್ತರ, ಮುಚ್ಚು ಕೋಟು, ನಗು ಮನೆಯಲ್ಲಿ ಮರೆತು ಬಂದವರಂತಹ ಮುಖ. ಸಾರಿಸಿದ ನೆಲ ಇನ್ನೂ ಹಸಿಯಾಗಿತ್ತು, ತುದಿಗಾಲಲ್ಲಿ ನಡೆದು ಬಂದು ಕುರ್ಚಿ ಹಿಡಿದರು. ಫಕ್ಕೀರವ್ವನಿಗೆ ಅಪೂರ್ಣಾಂಕ ಕೇಳಿದರು, ಅವಳು ಹೇಳಿದಳು. ನಕಾಶೆಯ ಮೇಲೆ ಹಾನಗಲ್ಲು, ಹಿರೇಕೆರೂರು ತೋರಿಸು ಎಂದರು, ತೋರಿಸಿದಳು. ಸಾಹೇಬರ ಹುಬ್ಬು ಸ್ವಲ್ಪ ಸಡಿಲಾಯಿತು. ಸುಲಭದ್ದೊಂದು ಕೇಳಿ ಮುಗಿಸೋಣವೆಂದು ಮಂಜವ್ವನ ಕಡೆ ತಿರುಗಿದರು.

"ನೀ ಹೇಳವ್ವಾ, ವಾರ ಎಷ್ಟು?"

"ಎಂಟರಿ."

ಜಯತೀರ್ಥನ ಕೈಯಲ್ಲಿದ್ದ ಬಳಪ ಮುರಿಯಿತು.

"ಎಂಟು? ಹೆಸರು ಹೇಳು ನೋಡೋಣ."

"ಐತವಾರ, ಸ್ವಾಮಾರ, ಮಂಗ್ಳಾರ, ಬುಧವಾರ, ಬೇಸ್ತವಾರ, ಶುಕ್ರವಾರ, ಶನಿವಾರ, ಉಮೇದವಾರ," ಎಂದು ಮಂಜವ್ವ ಒಂದೇ ಉಸಿರಿಗೆ ಮುಗಿಸಿದಳು.

"ಎಂಟು ಅಂತ ಯಾರು ಹೇಳಿಕೊಟ್ರು ನಿನಗ?"

"ಎಲ್ಲಾರೂ ಅಂತಾರಲ್ರಿ. ಎಂಟ ದಿನಕ್ಕೊಮ್ಮಿ ಸಂತಿ ಅಂತಾರು. ಎಂಟ ದಿನಕ್ಕೊಮ್ಮಿ ಎಣ್ಣಿ ನೀರು ಅಂತಾರು. ಏಳಕ್ಕ ಹೆಸರು ಹಚ್ಚಿದ ಮ್ಯಾಲೆ ಒಂದ ಉಳೀತೈತಲ್ರಿ."

ಸಾಹೇಬರೂ ತಮ್ಮ ಮನೆಯಲ್ಲಿ 'ಎಂಟು ದಿನದಲ್ಲಿ ಬರುತ್ತೇನೆ' ಎಂದು ಹೇಳಿಯೇ ಸುತ್ತಾಟಕ್ಕೆ ಹೊರಟವರು.

"ಉಮೇದವಾರ ಯಾವಾಗ ಬರ್ತದ?"

"ಅದನ್ನ ಮುಂದಾಗಿ ಹೇಳಾಕ ಬರಂಗಿಲ್ರಿ. ನಿನ್ನೆ ಬಂದಿತ್ರಿ. ಮಾಸ್ತರು ಅತ್ತರು, ಆಮ್ಯಾಲೆ ರೈಲು ಬಿಟ್ಟರು."

ಶಂಕ್ರಪ್ಪನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಅವರೇ ಸಾಹೇಬರ ಕಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ಬಿಡಿಸಿ ಹೇಳಿದರು. ಸಾಹೇಬರು ಪೆನ್ನು ತೆಗೆದರು.

"ನಾನೂ ಹಂಸಭಾವಿಯೊಳಗ ಮೂರು ವರ್ಷ ಉಮೇದವಾರ ಇದ್ದೆ," ಎಂದರು. ಮಾತು ಜಯತೀರ್ಥನಿಗೋ ತಮಗೋ ಸ್ಪಷ್ಟವಿರಲಿಲ್ಲ. "ಕಾಯಂ ಆತು. ಆಮ್ಯಾಲೆ ಉಮೇದಿ ಹೋಗಿ ಬರೇ ವಾರ ಉಳದಾವ." ಆಮೇಲೆ ಹಾಜರಿ ಪುಸ್ತಕ ತೆರೆದು, ಬೆರಳಾಡಿಸಿ, ಮತ್ತೆ ಸಾಹೇಬರಾದರು. "ಹಾಜರಿ ಅರ್ಧಕ್ಕಿಂತ ಕಡಿಮಿ ಅದ, ಮಾಸ್ತರ. ಇದರ ಮ್ಯಾಲೆ ನಾ ಕಾಯಂ ಅಂತ ಬರೀಲಿಕ್ಕೆ ಬರೂದಿಲ್ಲ. ಕಾಯದೆ ಅದ."

ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದು, ತುದಿಗಾಲಲ್ಲೇ ಹೊರಗೆ ನಡೆದರು. ಬಾಗಿಲಲ್ಲಿ ನಿಂತು ಮಂಜವ್ವನನ್ನು ತಿರುಗಿ ನೋಡಿದರು. ಅದು ನಗುವೇ ಇದ್ದೀತು.

ಅವರ ಬಂಡಿ ಮರೆಯಾದ ಮೇಲೆ ಶಂಕ್ರಪ್ಪನವರು ಪುಸ್ತಕವನ್ನು ದೂರ ಹಿಡಿದು ಗಟ್ಟಿಯಾಗಿ ಓದಿದರು. "'ಮಕ್ಕಳಲ್ಲಿ ಚುರುಕು ಕಂಡಿತು. ಹಾಜರಿ ಸಾಲದು. ಸದರಿ ಮಾಸ್ತರರು ಇನ್ನೊಂದು ವರ್ಷ ಉಮೇದವಾರ.'"

ಜಯತೀರ್ಥ ಏನಾದರೂ ಅನ್ನುವ ಮೊದಲೇ ಮಕ್ಕಳ ನಡುವೆ ಗುಜುಗುಜು ಎದ್ದಿತು. ಮಂಜವ್ವ ಫಕ್ಕೀರವ್ವನ ತೋಳು ಹಿಡಿದು ಕುಣಿಸುತ್ತಿದ್ದಳು.

"ಅಕ್ಕಾ, ಒಂದ ವರ್ಷ ಪೂರಾ ಉಮೇದವಾರಂತ. ಸಾಹೇಬ್ರು ಬರದು ಕೊಟ್ಟ ಹೋಗ್ಯಾರ."

"ದಿನಾ?" ಎಂದು ಫಕ್ಕೀರವ್ವ ಅನುಮಾನದಿಂದ ಮಾಸ್ತರನ ಕಡೆ ನೋಡಿದಳು. ಅವಳು ದೊಡ್ಡವಳು, ಅಷ್ಟು ಸುಲಭವಾಗಿ ನಂಬುವವಳಲ್ಲ.

"ದಿನಾ ಆಗೂದಿಲ್ಲ," ಎಂದ ಜಯತೀರ್ಥ. ಹೇಳಿದ ಮೇಲೆ ತಾನೇ ಕೇಳಿಸಿಕೊಂಡ. ಆಗುವುದಿಲ್ಲ ಎಂದದ್ದು ದಿನವೂ ಎಂಬುದಕ್ಕೆ ಮಾತ್ರ. "ಎಂಟು ದಿನಕ್ಕೊಮ್ಮಿ ನೋಡೋಣು."

ಗಂಟೆ ಹೊಡೆದು ಮಕ್ಕಳು ಹೊಲದ ಕಡೆ ಚೆದುರಿದರು. ಟಪಾಲಿನವನು ಹೊರಗೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕುಳಿತಿದ್ದ. ಶಂಕ್ರಪ್ಪನವರು ಪೆಟ್ಟಿಗೆಯ ಕೀಲಿ ತೆಗೆದು ಪತ್ರಗಳನ್ನು ಮೇಜಿನ ಮೇಲೆ ಸುರುವಿದ್ದರು.

"ಬಾಳ ಬ್ಯಾಸರಾತೇನ್ರಿ?" ಎಂದರು ತಲೆ ಎತ್ತದೆ. "ಕಾಯದs ಕಾಯಂ ಹೆಂಗ ಆಗ್ತೈತ್ರಿ. ಕಾಯಬೇಕು."

"ಹೆಡ್ ಮಾಸ್ತರ, ಅದರಾಗ ನಂದೊಂದು ಕಾರ್ಡ್ ಅದ. ಅದನ್ನ ವಾಪಸ್ ಕೊಡ್ರಿ."

"ಪೆಟ್ಟಿಗ್ಯಾಗ ಬಿದ್ದದ್ದು ಸರಕಾರದ್ದು. ಕೊಡಾಕ ಬರಂಗಿಲ್ಲ." ಅವರು ಒಂದು ಕಾರ್ಡನ್ನು ಉಳಿದವುಗಳಿಂದ ಬೇರೆ ಮಾಡಿ ಮೇಜಿನ ಈ ಅಂಚಿಗೆ ಸರಿಸಿದರು. "ಆದ್ರ ಅದರಾಗ ಜಾಗಾ ಬಾಳ ಉಳದೈತಿ. ಕಣ್ಣಿಗೆ ಬಿತ್ತು. ನಾ ಸಿಕ್ಕಾದ ಮಸಿ ಹುಡುಕೂದರಾಗ ಯಾರರ ನಾಕಕ್ಷರ ಬರದ್ರ, ಅದು ಕಣ್ಣಿಗೆ ಬೀಳಂಗಿಲ್ಲ."

ಮಸಿಯ ಡಬ್ಬಿ ಅವರ ಮೊಣಕೈ ಹತ್ತಿರವೇ ಇತ್ತು. ಅದನ್ನು ಹುಡುಕಲು ಅವರು ಮೇಜಿನ ಕೆಳಗೆ ಬಗ್ಗಿದರು.

ಜಯತೀರ್ಥ ಲೆಕ್ಕಣಿಕೆ ತೆಗೆದುಕೊಂಡ. 'ನಾನು ಬರುತ್ತೇನೆ' ಎಂಬುದು ಅಲ್ಲೇ ಇತ್ತು. ಅದನ್ನು ಹೊಡೆದು ಹಾಕುವ ಅಗತ್ಯ ಬೀಳಲಿಲ್ಲ. ಅದರ ಮುಂದೆ ಬರೆದ: 'ಬೇಸಗೆಯ ಸೂಟಿಯಲ್ಲಿ, ಒಂದು ವಾರದ ಮಟ್ಟಿಗೆ. ಜಿನ್ನಿನ ಜಾಗ ಬೇರೆಯವರಿಗೆ ಕೊಡಿಸಿರಿ. ಇಲ್ಲಿ ಇನ್ನೂ ಒಂದು ವರ್ಷದ ಉಮೇದವಾರ ಬಾಕಿ ಇದೆ.'

ಶಂಕ್ರಪ್ಪನವರು ಎದ್ದು, ಕಾರ್ಡನ್ನು ತಿರುವಿ, ಸಿಕ್ಕಾ ಎತ್ತಿ, ಅರ್ಧಕ್ಕೆ ನಿಲ್ಲಿಸಿದರು.

"ಒಂದ ವಾರ ಅಂದ್ರ ಎಷ್ಟ ದಿನರೀ ಮಾಸ್ತರ? ಏಳೋ, ಎಂಟೋ?"

"ನೀವು ಓದೂದಿಲ್ಲಲ್ರೀ," ಎಂದ ಜಯತೀರ್ಥ.

"ಹೌದಲ್ಲ," ಎಂದು ಅವರು ಸಿಕ್ಕಾ ಬಡಿದರು.